ಇಲ್ಲಿ ದರ್ಶನವಿಲ್ಲ, ಬ್ಲೌಸ್ ಹೊಲಿಯಲಾಗುವುದು

ಜೂನ್ 9, ಸೋಮವಾರ

ಈ ಡೈರಿ ಪುಸ್ತಕ ಗೊಬ್ಬರದ ಕಂಪನಿಯವರು ನಮ್ಮ ಯಜಮಾನರ ಅಂಗಡಿಗೆ ಕೊಟ್ಟದ್ದು. ಪ್ರತಿ ಪುಟದ ಕೆಳಗೆ ಮೆಕ್ಕೆಜೋಳಕ್ಕೆ ಯಾವಾಗ ಯೂರಿಯಾ ಹಾಕಬೇಕು, ಯಾವ ಹುಳಕ್ಕೆ ಯಾವ ಔಷಧಿ ಹೊಡೆಯಬೇಕು ಎಂದು ಉಪದೇಶವಿದೆ. ಜನವರಿಯಿಂದ ಖಾಲಿ ಬಿದ್ದಿತ್ತು. ಇವತ್ತಿನಿಂದ ಇದು ನನ್ನದು. ಈ ಮನೆಯಲ್ಲಿ ನಾನು ಮಾತು ಶುರುಮಾಡಿದರೆ ಎಲ್ಲರೂ ಎದ್ದು ಹೋಗುತ್ತಾರೆ. ಪುಸ್ತಕಕ್ಕೆ ಕಾಲಿಲ್ಲ.

ಇವತ್ತು ಅತ್ತೆ ನಾಲ್ಕು ಸಲ ಲಿಂಗಪೂಜೆ ಮಾಡಿದರು. ನನ್ನ ಅತ್ತೆ ನೀಲಗಂಗಮ್ಮ, ಎಪ್ಪತ್ತೆಂಟು ವರ್ಷ, ಪೂಜೆಯಾಗದೆ ಹನಿ ನೀರು ಮುಟ್ಟದವರು. ಬೆಳಗ್ಗೆ ಸ್ನಾನ, ಅಂಗೈಯಲ್ಲಿ ಲಿಂಗ, ಹಣೆಗೆ ವಿಭೂತಿ, ಆಮೇಲೆ ಊಟ. ನಾನು ಹಗರಿಬೊಮ್ಮನಹಳ್ಳಿಯ ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಅಷ್ಟು ವರ್ಷವೂ ಅವರು ನನ್ನ ಹಣೆ ನೋಡಿಯೇ ನನ್ನ ಬಾಯಿಗೆ ಚಹಾ ಹೋಗಲು ಬಿಟ್ಟವರು. ಈಗ ಪೂಜೆ ಮುಗಿಸಿ ಎದ್ದು, ಅಡುಗೆಮನೆಯ ಹೊಸ್ತಿಲವರೆಗೆ ಬಂದು, ತಿರುಗಿ ಹೋಗಿ ಮತ್ತೆ ಕೂರುತ್ತಾರೆ. ನಾಲ್ಕನೆಯ ಸಲ ನಾನು ತಡೆದೆ.

“ಅತ್ತಿ, ಪೂಜಿ ಆಗೈತಿ ಬರ್ರಿ. ರೊಟ್ಟಿ ಆರಾಕತ್ಯಾವು.”

“ನಾ ಮಾಡಿಲ್ಲ.”

“ಹಣಿ ಮುಟ್ಟಿ ನೋಡ್ಕೊಳ್ರಿ. ವಿಭೂತಿ ಐತಿ.”

“ಅದು ನೀ ಹಚ್ಚಿದ್ದು. ನನ್ನ ಪೂಜಿ ತಪ್ಪಸಾಕ ನೋಡ್ತಿ. ನಿಮ್ಮ ಕೊಟ್ಟೂರಿನ ಮದುವ್ಯಾಗ ನನ್ನ ಬೋರಮಾಳ ಹೋತು, ಈಗ ಪೂಜಿನೂ ಹೋಗ್ಲೇನು?”

ಬಂತಲ್ಲ ಬೋರಮಾಳ! ಇಪ್ಪತ್ತೆರಡು ವರ್ಷದ ಹಿಂದೆ ಕೊಟ್ಟೂರಿನ ನನ್ನ ತವರಿನಲ್ಲಿ ತಮ್ಮನ ಮದುವೆ. ಮದುವೆಗೆ ಬಂದಿದ್ದ ಅತ್ತೆ ಹೊರಡುವ ಹೊತ್ತಿಗೆ ಕೊರಳು ಮುಟ್ಟಿಕೊಂಡು, ಬಂಗಾರದ ಗುಂಡಿನ ಸರ ಇಲ್ಲ ಎಂದರು. ನಮ್ಮವ್ವ ಮದುವೆಮನೆಯ ಹಾಸಿಗೆಗಳನ್ನೆಲ್ಲ ಜಾಡಿಸಿದಳು, ತಿಪ್ಪೆ ಕೆದರಿದಳು, ಬೀಗರ ಎದುರು ಕೈಮುಗಿದು ನಿಂತಳು. ಸರ ಸಿಗಲಿಲ್ಲ. ಅಂದಿನಿಂದ ಈ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಜಗಳ ಕೊಟ್ಟೂರಿಗೆ ಹೋಗಿಯೇ ನಿಲ್ಲುತ್ತದೆ. ಅವ್ವ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಸತ್ತಳು. ಊಟ ಮರೆತ, ವಾರ ಮರೆತ, ಪೂಜೆ ಮರೆತ ಅತ್ತೆ ಅದೊಂದನ್ನು ಮಾತ್ರ ಮರೆತಿಲ್ಲ. ಅದನ್ನು ಮರೆತ ದಿನ ಕೊಟ್ಟೂರಿಗೆ ಹೋಗಿ ನೂರೊಂದು ಕಾಯಿ ಒಡೆಸುತ್ತೇನೆ. ಇದು ಹರಕೆ, ಇಲ್ಲಿ ಬರೆದಿದ್ದೇನೆ.

ಜೂನ್ 12, ಗುರುವಾರ

ಮಧ್ಯಾಹ್ನ ಮೂರಾದರೂ ಊಟವಿಲ್ಲ. ಪೂಜೆಯಾಗಿಲ್ಲವಂತೆ. ಆರು ಸಲ ಆಗಿದೆ. ಹಣೆ ತೋರಿಸೋಣವೆಂದು ಬೀರುವಿನ ಕನ್ನಡಿ ಮುಂದೆ ನಿಲ್ಲಿಸಿದೆ.

“ಯಾರೋ ಮುದುಕಿ ಬಂದಾಳ. ಪಾಪ, ಸೊರಗ್ಯಾಳ. ಆಕಿಗೆ ಉಣ್ಣಾಕ ನೀಡು” ಎಂದರು.

ಕನ್ನಡಿಯ ಮುದುಕಿಗೆ ಒಂದು ತಟ್ಟೆ ಹಾಕಿದೆ. ಅವಳಿಗೆ ಜೊತೆಯಾಗಲೆಂದು ಅತ್ತೆಯೂ ನಾಲ್ಕು ತುತ್ತು ತಿಂದರು. ನನಗೆ ನಗು ಬಂತು. ಆಮೇಲೆ ಸ್ವಲ್ಪ ಹೆದರಿಕೆಯೂ ಆಯಿತು.

ಸಂಜೆ ಗ್ಯಾಸ್ ತಿರುವಿ, ಬೆಂಕಿ ಹಚ್ಚದೆ ಹೋಗಿದ್ದರು. ವಾಸನೆಗೆ ಓಡಿಬಂದು ಕಿಟಕಿ ತೆಗೆದು ಇವರಿಗೆ ಫೋನ್ ಮಾಡಿದೆ. ಇವರು ಎಂದರೆ ನನ್ನ ಗಂಡ ಅರುಣಕುಮಾರ್, ಬೀಜ-ಗೊಬ್ಬರದ ವ್ಯಾಪಾರಿ. ರೈತರು ತಂದ ಒಂದು ಎಲೆ ನೋಡಿ ಇಡೀ ಹೊಲದ ರೋಗ ಹೇಳುತ್ತಾರೆ. ಹೆತ್ತವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ವಯಸ್ಸಾತಲ್ಲ” ಎಂದರು.

“ಡಾಕ್ಟ್ರಿಗೆ ತೋರಸೋಣ್ರಿ.”

“ಏ, ಸುಮ್ನಿರು. ರೋಜಾಗ ಗಂಡು ನೋಡಾಕತ್ತೀವಿ. ಮನ್ಯಾಗ ತಲಿ ರೋಗ ಐತಿ ಅಂತ ಊರಾಗ ಡಂಗುರ ಹೊಡಿಬೇಕೇನು?”

ರೋಜಾ ನಮ್ಮ ಒಬ್ಬಳೇ ಮಗಳು, ದಾವಣಗೆರೆಯಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳಿಗೆ ಗಂಡು ನೋಡುತ್ತಿರುವುದು ಇನ್ನೂ ಅವಳಿಗೇ ಗೊತ್ತಿಲ್ಲ.

ಜೂನ್ 20, ಶುಕ್ರವಾರ

ನಮ್ಮ ಮನೆಯಲ್ಲಿ ಪವಾಡವಾಗಿದೆ. ಕಂಡುಹಿಡಿದವರು ಪಂಚಾಕ್ಷರಪ್ಪ ಮಾವ. ನನ್ನ ಸತ್ತ ಮಾವನವರ ತಮ್ಮ, ಸೊಸೈಟಿ ಕೆಲಸದಿಂದ ನಿವೃತ್ತರು. ಮಾಡಲು ಕೆಲಸವಿಲ್ಲ, ಮಾತಾಡಲು ಇಡೀ ತಾಲ್ಲೂಕು ಇದೆ.

ಅತ್ತೆ ಸೀರೆಯನ್ನು ಒಳಗು ಹೊರಗು ಮಾಡಿ ಉಟ್ಟು, ಐದನೆಯ ಪೂಜೆಗೆ ಕೂತಿದ್ದರು. ಮಾವ ಬಂದು “ಅತ್ತಿಗಿ, ಶರಣು” ಎಂದರು. ಅತ್ತೆ ತಲೆ ಎತ್ತಿ ನೋಡಿ, “ಯಾರು ನೀ?” ಎಂದರು.

ಮಾವ ಕಣ್ಣು ಮುಚ್ಚಿಕೊಂಡರು. “ಕೇಳಿದೇನು ಶೈಲಾ? ಯಾರು ನೀ ಅಂದ್ಲು! ಐವತ್ತು ವರ್ಷ ಪ್ರವಚನ ಕೇಳೀನಿ, ಒಬ್ಬರೂ ನನ್ನ ಇಷ್ಟು ನೇರ ಕೇಳಿದ್ದಿಲ್ಲ.”

“ಮಾವಾರ, ಅವರಿಗೆ ನಿಮ್ಮ ಗುರ್ತು ಸಿಕ್ಕಿಲ್ರಿ.”

“ಅದಾ ನಾ ಹೇಳೋದು! ಗುರ್ತು ಅಂಬೋದಾ ಮಾಯೆ.”

ಹೀಗೆ ಒಂದೊಂದಕ್ಕೂ ಅರ್ಥ ಸಿಕ್ಕಿತು. ತಿರುವುಮುರುವು ಸೀರೆ ಎಂದರೆ ದೇಹದ ಹಂಗು ಬಿಟ್ಟದ್ದು. ನನ್ನ ಹತ್ತಿರ ಹೊಲಿಯಲು ಬಿಟ್ಟಿದ್ದ ಗಿರಾಕಿಯ ಹೊಸ ಬ್ಲೌಸ್ ಪೀಸನ್ನು ಬಾಗಿಲಿಗೆ ಬಂದ ಭಿಕ್ಷುಕಿಗೆ ಕೊಟ್ಟದ್ದು ದಾಸೋಹ. ಆ ಗಿರಾಕಿಗೆ ಉತ್ತರ ಕೊಡುವ ಯೋಗ ಮಾತ್ರ ನನಗೆ. ನಾನು ಗ್ಯಾಸಿನ ವಿಷಯ ಹೇಳಿದೆ. ಮಾವ ತಲೆದೂಗಿ, “ಅಗ್ನಿ ಭಯಾನೂ ಗೆದ್ದಾಳ” ಎಂದರು.

ಇವರು ಊಟಕ್ಕೆ ಬಂದಾಗ ಈ ಸುದ್ದಿ ಕೇಳಿ ಈ ತಿಂಗಳಲ್ಲಿ ಮೊದಲ ಸಲ ಮುಖ ಅರಳಿಸಿದರು. ರೋಗ ಎಂದರೆ ಬೀಗರಾಗುವವರು ಓಡಿಹೋಗುತ್ತಾರೆ, ಶರಣೆ ಎಂದರೆ ಓಡಿಬರುತ್ತಾರೆ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಜೂನ್ 27, ಶುಕ್ರವಾರ

ಪ್ರಿಯಾ ಬ್ಲೌಸಿಗೆ ಅಳತೆ ಕೊಡಲು ಬಂದಿದ್ದಳು. ನಮ್ಮ ವಾರ್ಡಿನ ಆರೋಗ್ಯ ಕೇಂದ್ರದ ನರ್ಸು. ದಸರೆಯ ದಿನ ಅವರ ಬುದ್ಧ ವಿಹಾರದಲ್ಲಿ ಕಾರ್ಯಕ್ರಮ, ಬಿಳಿ ಸೀರೆಗೆ ಬ್ಲೌಸ್ ಬೇಕು. ಜೂನಿನಲ್ಲಿ ಕೊಟ್ಟರೆ ದಸರೆಗೆ ಸಿಗಬಹುದು ಎಂದು ನನ್ನ ಹೊಲಿಗೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಅಳತೆ ಮುಗಿದ ಮೇಲೆ ಅತ್ತೆಯ ಪಕ್ಕ ಕೂತು ಮಾತಾಡಿಸಿದಳು. ಬಾಳೆಹಣ್ಣು, ಚಾವಿ, ಎಮ್ಮೆ, ಈ ಮೂರು ನೆನಪಿಡಿ ಎಂದಳು. ಐದು ನಿಮಿಷ ಬಿಟ್ಟು ಕೇಳಿದರೆ ಅತ್ತೆ, “ನೀ ಏನೂ ಹೇಳಿಲ್ಲ” ಎಂದು ಅವಳಿಗೇ ಜೋರು ಮಾಡಿದರು.

“ಶೈಲಕ್ಕ, ಇದು ಭಕ್ತಿ ಅಲ್ಲ” ಎಂದಳು ಪ್ರಿಯಾ. “ನಮ್ಮಜ್ಜಿ ಮಾಳಮ್ಮಗ ಹಿಂಗಾ ಆಗಿತ್ತು. ನಾವು ಗಾಳಿ ಅಂತ ತಾಯಿತ ಕಟ್ಟಿಸಿದ್ವಿ, ನೀವು ದೇವರು ಅಂತೀರಿ. ಎರಡೂ ಒಂದಾ ತಪ್ಪು. ಅಲ್ಝೈಮರ್ ಇರಬಹುದು. ಥೈರಾಯ್ಡ್, ವಿಟಮಿನ್ ಕಡಿಮಿ ಆದ್ರೂ ಮರೆವು ಬರತೈತಿ, ಅದಾದ್ರ ಗುಳಿಗಿಗೆ ಹೋಗತೈತಿ. ಬಳ್ಳಾರಿಗೆ ನರದ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ರಿ.”

ನಾವು ಮಾತಾಡುತ್ತಿರುವಾಗ ಅತ್ತೆ ಪ್ರಿಯಾಳ ಚೀಲದಿಂದ ಊಟದ ಡಬ್ಬಿ ತೆಗೆದು ಚಿತ್ರಾನ್ನ ತಿನ್ನುತ್ತಿದ್ದರು! ಜಾತಿ ನೋಡಿ ಪ್ರಿಯಾಳ ತಾಯಿಯನ್ನು ಪಡಸಾಲೆಯ ಕಂಬದ ಈಚೆ ಬಿಟ್ಟುಕೊಳ್ಳದ ಅತ್ತೆ, “ಚಲೋ ಮಾಡೀ. ಯಾರ ಮನಿ ಮಗಳು ನೀ?” ಎಂದು ಬೆರಳು ಚೀಪಿದರು. ಮರೆಯಬೇಕಾದದ್ದನ್ನು ಒಂದಾದರೂ ಮರೆತರಲ್ಲ ಎಂದುಕೊಂಡೆ.

ಅಷ್ಟರಲ್ಲಿ ಪಂಚಾಕ್ಷರಪ್ಪ ಮಾವ ಬಂದವರು ನೋಡಿ ಗದ್ಗದಿತರಾದರು. “ಜಾತಿ ಭೇದ ಅಳಿದಾಳ. ಇದಕ್ಕಿಂತ ದೊಡ್ಡ ಸ್ಥಿತಿ ಇಲ್ಲ.” ಪ್ರಿಯಾ ಹೋದ ಮೇಲೆ ಮೆಲ್ಲಗೆ, ಅವಳು ನೀರು ಕುಡಿದ ಲೋಟ ಬೇರೆ ಇಡು ಎಂದರು.

“ಮತ್ತ ಭೇದ ಅಳಿದೈತಿ ಅಂದ್ರಲ್ರಿ?”

“ಶರಣೆ ಆಗಿದ್ದು ಅತ್ತಿಗಿ, ನಾವಲ್ಲ.”

ಲೋಟ ತೊಳೆದು ಅದರಲ್ಲೇ ಮಾವನಿಗೆ ಚಹಾ ಕೊಟ್ಟೆ. ಸಕ್ಕರೆ ಹದವಾಗಿದೆ ಎಂದರು.

ಜುಲೈ 4, ಶುಕ್ರವಾರ

ಇವತ್ತು ಅತ್ತೆ ನನ್ನನ್ನು ಬಸಲಿಂಗಮ್ಮ ಮಾಡಿದರು. ಬಸಲಿಂಗಮ್ಮ ಅತ್ತೆಯ ಅಕ್ಕ, ತೀರಿಕೊಂಡು ಹದಿನೈದು ವರ್ಷವಾಯಿತು. ನಾ ಶೈಲಾ ರಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು, “ಅಕ್ಕಾ, ಬಾಗಲಾ ಹಾಕು. ನಮ್ಮ ಸೊಸಿ ವಿಷ್ಯ ಹೇಳ್ತೀನಿ” ಎಂದರು.

ಇಂಥ ಅವಕಾಶ ಯಾವ ಸೊಸೆ ಬಿಡುತ್ತಾಳೆ? ಬಾಗಿಲು ಹಾಕಿ ಹತ್ತಿರ ಕೂತೆ.

ಸೊಸೆಯ ರೊಟ್ಟಿ ದಪ್ಪ. ಸೊಸೆಯ ಕೈಗಿಂತ ಬಾಯಿ ಚುರುಕು. ಸೊಸೆ ಸಂತೆಗೆ ಹೋದರೆ ಸಂತೆ ಎದ್ದ ಮೇಲೆಯೇ ಬರುವುದು. ಸೊಸೆಯ ಮೂಗು ಉದ್ದ, ಅದನ್ನು ಎಲ್ಲದರಲ್ಲೂ ತೂರಿಸುತ್ತಾಳೆ. ನಾನು “ಹೌದೇನು? ಹಂಗ ಮಾಡ್ತಾಳೇನು?” ಎನ್ನುತ್ತ ಕೇಳಿದೆ. ಇಲ್ಲಿ ನನ್ನ ಉತ್ತರ ದಾಖಲಿಸುತ್ತೇನೆ: ರೊಟ್ಟಿ ದಪ್ಪವಾಗಿದ್ದು ಅವರ ಹಲ್ಲು ಹೋದ ಮೇಲೆ, ತೆಳುವಾದದ್ದು ಗರಿಯಾಗಿ ಚುಚ್ಚುತ್ತದೆಂದು. ಮೂಗು ನಮ್ಮವ್ವನದು, ಬದಲಿಸುವ ವಿಚಾರವಿಲ್ಲ.

“ಅಕ್ಕಾ, ನನ್ನ ನೀಲಾ ಅಂತ ಯಾಕ ಕರಿಯವಲ್ಲಿ? ಸಿಟ್ಟೇನು?”

ಇಪ್ಪತ್ತನಾಲ್ಕು ವರ್ಷ ಆ ಹೆಸರನ್ನು ನಾನು ಬಾಯಲ್ಲಿ ಆಡಿದವಳಲ್ಲ. ಕಷ್ಟಪಟ್ಟು “ನೀಲಾ, ಉಣ್ಣು ಬಾ. ನಿನ್ನ ಪೂಜಿ ನಾ ನೋಡೀನಿ, ಆಗೈತಿ” ಎಂದೆ. ಎರಡು ರೊಟ್ಟಿ ಪೂರ್ತಿ ಉಂಡರು. ಸೊಸೆಯ ಸಾಕ್ಷಿ ಸುಳ್ಳು, ಅಕ್ಕನ ಸಾಕ್ಷಿ ನಿಜ. ಇರಲಿ, ರೊಟ್ಟಿ ಒಳಗೆ ಹೋಯಿತಲ್ಲ.

ಜುಲೈ 14, ಸೋಮವಾರ

ಹರಪನಹಳ್ಳಿಯಿಂದ ಗಂಡಿನವರು ಬಂದಿದ್ದರು. ಹುಡುಗ, ಹುಡುಗನ ತಾಯಿ ಜಂಬಕ್ಕ. ಹುಡುಗಿ ಊರಲ್ಲಿಲ್ಲ, ಅದಕ್ಕೆ ಅಜ್ಜಿಯನ್ನೇ ನೋಡಿದರು.

ಅತ್ತೆ ಜಂಬಕ್ಕನನ್ನು ಐದು ಸಲ “ಉಂಡ್ಯಾ?” ಎಂದು ಕೇಳಿದರು. “ಎಂಥ ಅಂತಃಕರಣ!” ಎಂದು ಅವರು ಐದು ಸಲವೂ ಕೈಮುಗಿದರು. ಹುಡುಗನ ಹಣೆಗೆ ವಿಭೂತಿ ಹಚ್ಚಿ ಅತ್ತೆ, “ಬಾಗಲಾ ಹಾಕ್ಕೋ, ನಾಯಿ ಬರ್ತಾವು” ಎಂದರು. ಹುಡುಗ ತಬ್ಬಿಬ್ಬಾದ. ಇಂದ್ರಿಯಗಳ ಬಾಗಿಲು ಎಂದು ಪಂಚಾಕ್ಷರಪ್ಪ ಮಾವ ಅರ್ಥ ಹೇಳಿ ಅವನನ್ನು ಉಳಿಸಿದರು.

ಜಂಬಕ್ಕ ಅಡುಗೆಮನೆಗೆ ಬಂದು, “ನಮ್ ಮನೇಲೂ ಹಿರಿಯರಿದಾರೆ ಕಣ್ರೀ, ನಮ್ಮಾವ. ಆದ್ರೆ ಈ ಶಾಂತಿ ಇಲ್ಲ ಬಿಡಿ” ಎಂದು ನಿಟ್ಟುಸಿರು ಬಿಟ್ಟರು. ನಿಜ ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂತು. ಇವರು ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟರು. ನಾನು ಉಪ್ಪಿಟ್ಟು ಬಡಿಸಿದೆ. ನನ್ನ ಬಗ್ಗೆ ನನಗೇ ನಾಚಿಕೆಯಾಗುತ್ತಿದೆ.

ಜುಲೈ 28, ಶ್ರಾವಣದ ಮೊದಲ ಸೋಮವಾರ

ನನ್ನ ಹೊಲಿಗೆಯ ಕೋಣೆ ದರ್ಶನದ ಕೋಣೆಯಾಗಿದೆ. ಮಷಿನ್ ಮೂಲೆ ಸೇರಿದೆ. ಇವರು ತಮ್ಮ ಜೀವಮಾನದಲ್ಲಿ ನನಗೆ ಕೊಡಿಸಿದ್ದು ಆ ಮಷಿನ್ ಒಂದೇ, ಇಪ್ಪತ್ತೆರಡು ವರ್ಷದ ಹಿಂದಿನ ದೀಪಾವಳಿಗೆ. ಅದರ ಮೇಲೆ ಈಗ ಭಕ್ತರ ಹೂವಿನ ಬುಟ್ಟಿ. ಅತ್ತೆ ನನ್ನ ಅಳತೆ ಪಟ್ಟಿಯನ್ನು ಒಬ್ಬ ಲಾರಿ ಮಾಲೀಕರಿಗೆ ಪ್ರಸಾದವಾಗಿ ಕೊಟ್ಟರು. ಅವರು ಅದನ್ನು ಕೊರಳಿಗೆ ಹಾಕಿಕೊಂಡೇ ಹೋದರು. ಈಗ ಯಾರಿಗೂ ಅಳತೆ ತೆಗೆಯುವಂತಿಲ್ಲ.

ಗದ್ದಲಕ್ಕೆ ಅತ್ತೆ ನಡುಗುತ್ತಿದ್ದರು. ನನ್ನ ಸೆರಗು ಜಗ್ಗಿ, “ಅಕ್ಕಾ, ಮನ್ಯಾಗ ಇಷ್ಟು ಮಂದಿ ಯಾಕ ಬಂದಾರ? ಯಾರು ಸತ್ತಾರ?” ಎಂದು ಕೇಳಿದರು. ಇವರಿಗೆ ಹೇಳಿದೆ. “ಶ್ರಾವಣ ಒಂದು ಮುಗೀಲಿ” ಎಂದರು.

ಆಗಸ್ಟ್ 4, ಸೋಮವಾರ

ಅದೇ ಗದ್ದಲ. ಭಕ್ತರ ಚಪ್ಪಲಿ ಗೇಟಿನಾಚೆಗೂ ಹೋಗಿವೆ. ನೀಲಾ ಉಣ್ಣಲಿಲ್ಲ.

ಆಗಸ್ಟ್ 11, ಸೋಮವಾರ

ಇವತ್ತು ಅಕ್ಷರ ಸೊಟ್ಟ ಬೀಳುತ್ತಿವೆ. ಬೀಳಲಿ.

ಹಾಲು ಕಾಯಿಸಲು ಒಳಗೆ ಹೋಗಿ ಹತ್ತು ನಿಮಿಷ ಆಗಿರಬೇಕು. ಬಂದು ನೋಡಿದರೆ ಕುರ್ಚಿ ಖಾಲಿ. ನಲವತ್ತು ಮಂದಿ ಕೂತಿದ್ದಾರೆ, ಅವರು ನೋಡುತ್ತಿದ್ದ ಮುದುಕಿಯೇ ಇಲ್ಲ.

“ಅಮ್ಮಾರು ಎದ್ದು ಹೊಂಟ್ರು. ನಾವು ಕೈಮುಗಿದು ದಾರಿ ಬಿಟ್ವಿ” ಎಂದರು ಒಬ್ಬರು. ಇನ್ನೊಬ್ಬಳು ಕಾಲಿಗೆ ಅಡ್ಡ ಬಂದ ಚಪ್ಪಲಿಗಳನ್ನೂ ಸರಿಸಿದ್ದಳಂತೆ. ಹಿಡಿಯಬೇಕು ಎಂದು ನಲವತ್ತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇವರು ಬೈಕ್ ಹತ್ತಿ ರೈಲ್ವೆ ಹಳಿಯ ಕಡೆ ಓಡಿದರು. ಪಂಚಾಕ್ಷರಪ್ಪ ಮಾವ ಭಕ್ತರಿಗೆ, “ಐಕ್ಯ ಆಗೋ ಜಾಗ ಹುಡುಕಿ ಹೋಗ್ಯಾಳ” ಎಂದು ಹೇಳುತ್ತಿದ್ದರು. ನಾನು “ಮಾವಾರ, ಬಾಯಿ ಮುಚ್ಚರಿ” ಎಂದೆ. ಅಷ್ಟು ಜನರ ಎದುರು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ. ಮುಚ್ಚಿದರು.

ಎರಡು ತಾಸಾದ ಮೇಲೆ ಪ್ರಿಯಾಳ ಫೋನ್ ಬಂತು. ಅವಳ ಅಣ್ಣ ಹುಲುಗೇಶ್ ಹಂಪಸಾಗರದ ಬಸ್ಸಿನ ಕಂಡಕ್ಟರ್. ಅತ್ತೆ ಆ ಬಸ್ ಹತ್ತಿ ತಮ್ಮ ತವರೂರಿಗೆ ಟಿಕೆಟ್ ಕೇಳಿದ್ದಾರೆ. ಆ ಊರು ಅತ್ತೆ ಆರು ವರ್ಷದವರಿದ್ದಾಗಲೇ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದೆ. ಬಸ್ ಸ್ಟ್ಯಾಂಡಿನಲ್ಲಿ ಹುಲುಗೇಶ್ ನನಗೆ ಹೇಳಿದ್ದು:

“ಹೆಂಗಸರಿಗೆ ಫ್ರೀ ಇದ್ರೂ ಊರು ಒತ್ತಿ ಟಿಕೆಟ್ ಕೊಡಬೇಕಲ್ರಿ ಅಕ್ಕಾರ. ಮಷಿನ್ನಾಗ ಆ ಊರಾ ಇಲ್ಲ ಅಜ್ಜಿ ಅಂದೆ. ಹಂಗಾರ ಹೊಸದಾಗಿ ಹಾಕು ಅಂದ್ರು. ನಮ್ಮ ಪ್ರಿಯಾ ಹೇಳ್ತಿದ್ದ ಅಜ್ಜಿ ಇವರಾ ಇರಬೇಕು ಅನ್ನಿಸ್ತು. ಅಲ್ಲಿ ಇಳಿಸಿದ್ರ ಸೀದಾ ನೀರಿಗೆ ನಡದು ಹೋಗ್ತಿದ್ರು, ಈಗ ನೀರು ತುಂಬೈತಿ. ಡ್ರೈವರ್ ಹಿಂದ ಕುಂದ್ರಿಸಿ, ನನ್ನ ರೊಟ್ಟಿ ಕೊಟ್ಟು, ಅದಾ ಬಸ್ಸಿನ್ಯಾಗ ತಿರುಗಿ ಕರ್ಕೊಂಬಂದೆ.”

ಅತ್ತೆ ಸೀಟು ಬಿಟ್ಟು ಏಳುತ್ತಿರಲಿಲ್ಲ. ಮಗ ಕರೆದರು, ಏಳಲಿಲ್ಲ. ನಾನು ಮೆಟ್ಟಿಲು ಹತ್ತಿ, “ನೀಲಾ, ಬಾ” ಎಂದೆ. ಎದ್ದು ಕೈ ಹಿಡಿದುಕೊಂಡಳು.

“ಅಕ್ಕಾ, ನಮ್ಮೂರು ಸಿಗಲಿಲ್ಲ.”

ಬಸ್ ಸ್ಟ್ಯಾಂಡಿನ ನಟ್ಟನಡುವೆ ನಾನು ಗೊಳೋ ಎಂದು ಅತ್ತುಬಿಟ್ಟೆ. ಯಾರು ನೋಡಿದರೋ ಗೊತ್ತಿಲ್ಲ.

ಆಗಸ್ಟ್ 12, ಮಂಗಳವಾರ

ಬೋರ್ಡ್ ಬರೆದೆ. ಅಂಗಡಿಯ ತಗಡು, ಇವರದೇ ಬಣ್ಣ.

“ಇಲ್ಲಿ ದರ್ಶನವಿಲ್ಲ. ನಮ್ಮ ಅಜ್ಜಿಗೆ ಮರೆವಿನ ಕಾಯಿಲೆ ಇದೆ. ಹೊರಗೆ ಕಂಡರೆ ಕೈ ಮುಗಿಯಬೇಡಿ, ಕೈ ಹಿಡಿದು ಮನೆಗೆ ಕರೆತನ್ನಿ. ಬ್ಲೌಸ್ ಹೊಲಿಯಲಾಗುವುದು.”

“ರೋಜಾ ಮದುವಿ ಗತಿ ಏನು?” ಎಂದರು ಇವರು. ರೋಜಾಳಿಗೇ ಫೋನ್ ಹಚ್ಚಿ ಎಲ್ಲ ಹೇಳಿದೆ, ಮದುವೆಯ ಮಾತೂ ಸೇರಿಸಿ. ಎರಡು ನಿಮಿಷ ಅಪ್ಪನಿಗೆ ಬೈದಳು. ಆಮೇಲೆ, “ಅವ್ವಾ, ದೊಡ್ಡ ಅಕ್ಷರದಾಗ ಬರಿ, ರಸ್ತೆಯಿಂದ ಕಾಣಬೇಕು” ಎಂದಳು.

ನಾನು ಸ್ಟೂಲ್ ಹತ್ತಿ ಮೊಳೆ ಹೊಡೆಯುವಾಗ ಇವರು ಬಂದು ಸ್ಟೂಲ್ ಹಿಡಿದರು. ಬೋರ್ಡು ಎಡಕ್ಕೆ ವಾಲಿದೆ ಎಂದರು. ಸರಿಮಾಡಿದೆ.

ಆಗಸ್ಟ್ 19, ಮಂಗಳವಾರ

ಬಳ್ಳಾರಿ. ಡಾಕ್ಟರು ಗಡಿಯಾರ ಬರೆಯಲು ಹೇಳಿದರು. ನೀಲಾ ಚೆನ್ನಾಗಿ ದುಂಡಗೆ ಒಂದು ರೊಟ್ಟಿ ಬರೆದಳು, ಅಂಕಿ ಒಂದೂ ಇಲ್ಲ. ರಕ್ತಪರೀಕ್ಷೆ, ತಲೆಯ ಸ್ಕ್ಯಾನ್ ಎಲ್ಲ ಆದವು. ಅಲ್ಝೈಮರ್. ಪ್ರಿಯಾ ಹೇಳಿದ್ದೇ.

ವಾಸಿ ಮಾಡುವ ಗುಳಿಗೆ ಇಲ್ಲ. ಕೆಲವು ದಿನ ಸ್ವಲ್ಪ ಹಿಡಿದು ನಿಲ್ಲಿಸುವ ಗುಳಿಗೆ ಇದೆ. ಡಾಕ್ಟರು ಹೇಳಿದ್ದು: ತಿದ್ದಬೇಡಿ, ವಾದ ಮಾಡಬೇಡಿ, ಪರೀಕ್ಷೆ ಮಾಡಬೇಡಿ. ದಿನವೂ ಅದೇ ಹೊತ್ತಿಗೆ ಅದೇ ಕೆಲಸ. ಗುಂಪು, ಗದ್ದಲ ಬೇಡ. ಗ್ಯಾಸ್ ಕೈಗೆ ಸಿಗಬಾರದು. ಮೈಮೇಲೆ ಫೋನ್ ನಂಬರ್ ಇರಲಿ. ನೋಡಿಕೊಳ್ಳುವವರಿಗೂ ನಿದ್ದೆ ಬೇಕು, ಮನೆಯವರೆಲ್ಲ ಪಾಳಿ ಹಾಕಿಕೊಳ್ಳಿ. ಇದನ್ನು ಕೇಳಿ ಇವರು ಬೂಟಿನ ಲೇಸು ನೋಡಿಕೊಂಡರು.

ಇದು ವಂಶದಲ್ಲಿ ಬರುತ್ತದಾ ಎಂದು ಕೇಳಿದವರೂ ಇವರೇ. ಇಷ್ಟು ವಯಸ್ಸಾದ ಮೇಲೆ ಬಂದದ್ದು ಬಹುಮಟ್ಟಿಗೆ ವಯಸ್ಸಿನಿಂದ, ಅಜ್ಜಿಗೆ ಬಂದ ಮಾತ್ರಕ್ಕೆ ಮೊಮ್ಮಗಳಿಗೆ ಬರಬೇಕೆಂದಿಲ್ಲ ಎಂದರು ಡಾಕ್ಟರು. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಇವರು ಅತ್ತರು. ಎಲೆ ನೋಡಿ ರೋಗ ಹೇಳುವ ಮನುಷ್ಯ. ಬೈಯಬೇಕೆಂದು ಬೆಳಗಿನಿಂದ ಜೋಡಿಸಿ ಇಟ್ಟುಕೊಂಡಿದ್ದ ಮಾತುಗಳು ಹಾಗೇ ಉಳಿದವು.

“ನೀವು ಮಗಳೇನ್ರಿ?” ಎಂದು ಡಾಕ್ಟರು ನನ್ನನ್ನು ಕೇಳಿದ್ದರು. ನಾನು ಹೇಳುವ ಮೊದಲೇ ನೀಲಾ, “ನಮ್ಮಕ್ಕ” ಎಂದಳು. ಡಾಕ್ಟರು ಹಾಗೇ ಬರೆದುಕೊಂಡರೋ ಏನೋ.

ನೀಲಾಳ ಎಲ್ಲ ಬ್ಲೌಸುಗಳ ಒಳಗೂ ನನ್ನ ಫೋನ್ ನಂಬರನ್ನು ಕೆಂಪು ದಾರದಲ್ಲಿ ಹೊಲಿಯಬೇಕು.

ಆಗಸ್ಟ್ 26, ಮಂಗಳವಾರ

ಭಕ್ತರು ಹೋದರು. ಪಂಚಾಕ್ಷರಪ್ಪ ಮಾವನಿಗೆ ಹೊಸಹಳ್ಳಿಯ ಕಡೆ ಮೌನವ್ರತದ ಅಜ್ಜ ಒಬ್ಬ ಸಿಕ್ಕಿದ್ದಾನಂತೆ. ಪ್ರಿಯಾಳಿಗೆ ಹೇಳಿದ್ದೇನೆ, ಆ ಅಜ್ಜನನ್ನು ಒಮ್ಮೆ ಹೋಗಿ ನೋಡಿ ಬರಲಿ.

ಈಗ ಬರುವವರು ಬೇರೆ. ಬ್ಲೌಸ್ ಪೀಸ್ ಹಿಡಿದು ಬರುತ್ತಾರೆ, ಅಳತೆ ಕೊಡುತ್ತಾರೆ, ಹೋಗುವುದಿಲ್ಲ. ಬೋರ್ಡಿನ ಕಡೆ ನೋಡಿ ದನಿ ತಗ್ಗಿಸುತ್ತಾರೆ. “ನಮ್ಮತ್ತಿನೂ ಹಿಂಗಾ ಮಾಡ್ತಾರ್ರಿ.” “ನಮ್ಮಪ್ಪ ಹಾಕ್ಕೊಂಡ ಅಂಗಿ ಮ್ಯಾಲೆ ಅಂಗಿ ಹಾಕ್ಕೋತಾನ.” ಹಡಗಲಿಯಿಂದ ಒಬ್ಬಳು ಬಂದಿದ್ದಳು, ತಾಯಿಯನ್ನು ಎರಡು ವರ್ಷದಿಂದ ಕೋಣೆಯಲ್ಲಿಟ್ಟು, ಕೇಳಿದವರಿಗೆಲ್ಲ ಕಾಶಿಗೆ ಹೋಗಿದ್ದಾಳೆ ಎನ್ನುತ್ತಿದ್ದಾರಂತೆ. ಎಲ್ಲರಿಗೂ ಪ್ರಿಯಾಳ ನಂಬರ್ ಕೊಟ್ಟೆ. ಹೊಲಿಗೆ ಬೆಟ್ಟದಷ್ಟು ಸೇರಿದೆ.

ಸಂಜೆ ಹರಪನಹಳ್ಳಿಯಿಂದ ಜಂಬಕ್ಕನ ಫೋನ್ ಬಂತು. ಬೋರ್ಡಿನ ಸುದ್ದಿ ಮುಟ್ಟಿದೆ, ಸಂಬಂಧ ಮುರಿಯಿತು ಎಂದುಕೊಂಡೇ ಎತ್ತಿದೆ.

“ಶೈಲಾ ಅವ್ರೇ, ಆ ಬಳ್ಳಾರಿ ಡಾಕ್ಟ್ರ ನಂಬರ್ ಕೊಡ್ತೀರಾ? ನಮ್ಮಾವ ಎಂಟು ತಿಂಗಳಿಂದ ನನ್ನನ್ನ ಕಳ್ಳಿ ಅಂತಿದಾರೆ.”

ಮದುವೆಯ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅರ್ಧ ತಾಸು ಮಾತಾಡಿದೆವು.

ಸೆಪ್ಟೆಂಬರ್ 6, ಶನಿವಾರ

ನಾನು ಹೊಲಿಯುತ್ತಿದ್ದೆ. ನೀಲಾ ಪಕ್ಕದಲ್ಲಿ ಕೂತು ತುಂಡುಬಟ್ಟೆ ಮಡಚುತ್ತಿದ್ದಳು. ದಿನಾ ಹನ್ನೊಂದು ಗಂಟೆಗೆ ಅವಳಿಗೆ ಅದೇ ಕೆಲಸ. ಇದ್ದಕ್ಕಿದ್ದಂತೆ ಮಷಿನ್ ಸವರಿ, “ಅಕ್ಕಾ, ಇದು ಯಾರದು ಗೊತ್ತೇನು? ನಂದು” ಎಂದಳು.

“ನಿಂದಾ? ನಿನ್ನ ಮಗ ಸೊಸಿಗೆ ಕೊಡಿಸಿದ್ದಲ್ಲೇನು?”

“ಆತ ಎಲ್ಲಿ ಕೊಡಸ್ತಾನ! ಹೆಣ್ಮಕ್ಕಳಿಗೆ ಮಷಿನ್ ಯಾಕ ಅಂದ. ಆಕಿ ಹಿತ್ತಲದಾಗ ಕುಂತು ಅಳ್ತಿದ್ಲು. ಕೈಯಾಗ ಕಸಬು ಐತಿ, ತಿಂಡಿಗೆ ಒಗ್ಗರಣಿ ಹಾಕ್ಕೋತ ಮುದುಕಿ ಆಗ್ತೀನಿ ಅಂತ. ನಾ ಬೋರಮಾಳ ತೆಗೆದು ಮಗನ ಕೈಗೆ ಕೊಟ್ಟೆ. ಮಾರಿ ತಗೊಂಬಾ, ನೀನಾ ಕೊಡಿಸಿದ್ದು ಅಂತ ಹೇಳು ಅಂದೆ.”

ಮಷಿನ್ ನಿಲ್ಲಿಸಿದೆ. “ಬೋರಮಾಳ ಕೊಟ್ಟೂರಿನ ಮದುವ್ಯಾಗ ಕಳೀಲಿಲ್ಲೇನು?”

“ಎಲ್ಲಿ ಕಳೀತೈತಿ? ಮದುವಿಗೆ ಹೋಗೋವಾಗಲಾ ಕೊರಳಾಗ ಇದ್ದಿಲ್ಲ, ಸೆರಗು ಹೊದ್ದಿದ್ದೆ. ಕೊರಳು ಬೋಳು ಯಾಕ ಅಂತ ಮಂದಿ ಕೇಳಿದ್ರ ಏನ್ ಹೇಳ್ಲಿ? ಸೊಸಿ ಸಲುವಾಗಿ ಮಾರಿದೆ ಅಂದ್ರ ಆಕಿ ತಲಿ ಮ್ಯಾಲೆ ಕುಂದ್ರತಿದ್ಲು.” ನನ್ನ ಕೈ ಹಿಡಿದಳು. “ಆಕಿಗೆ ಹೇಳಬ್ಯಾಡ ಅಕ್ಕಾ. ಆಣಿ ಮಾಡು.”

ಆಣೆ ಮಾಡಿದೆ.

ಸೆಪ್ಟೆಂಬರ್ 7, ಭಾನುವಾರ

ಇವರನ್ನು ಕೇಳಿದೆ. ಸುಳ್ಳು ಹೇಳಲು ನೋಡಿದರು, ಆಗಲಿಲ್ಲ. “ಅವ್ವ ಆಣಿ ಹಾಕಿಸಿದ್ಲು” ಎಂದರು.

“ನಮ್ಮವ್ವ ತಿಪ್ಪಿ ಕೆದರೋವಾಗ ನೀವು ಎಲ್ಲಿದ್ರಿ?”

“ಅಲ್ಲೇ ಇದ್ದೆ. ನಾನೂ ಜೋಡಿ ಕೆದರಿದೆ” ಎಂದರು.

ಇಪ್ಪತ್ತೆರಡು ವರ್ಷ ಈ ಮನುಷ್ಯನಿಗೆ ಮಷಿನ್ನಿನ ಹೆಸರಲ್ಲಿ ಬಿಸಿ ರೊಟ್ಟಿ ಹಾಕಿದ್ದೇನೆ. ಇವತ್ತಿನಿಂದ ಆರಿದ್ದು.

ನೀಲಾಳ ಮೇಲೆ ಸಿಟ್ಟು ನೆತ್ತಿಗೇರಿತ್ತು. ಯಾರಿಗೆ ಬೈಯಲಿ? ತಪ್ಪು ಮಾಡಿದವಳು ಎಂದೋ ಹೋಗಿದ್ದಾಳೆ, ಇಲ್ಲಿರುವವಳು ತುಂಡುಬಟ್ಟೆ ಮಡಚುತ್ತಾಳೆ. ಬೆಳಗಿನಿಂದ ಆ ಕೋಣೆಗೆ ಹೋಗಲಿಲ್ಲ. ಇವರೇ ತಟ್ಟೆ ಒಯ್ದು ಕೂತಿದ್ದರು, ಅವರ ಪಾಳಿ. ಮಧ್ಯಾಹ್ನ ಇಣುಕಿದರೆ ತಟ್ಟೆ ಹಾಗೇ ಇದೆ. “ಅಕ್ಕ ಬರ್ಲಿ” ಎನ್ನುತ್ತಿದ್ದಳು.

ಅವ್ವಾ, ನಿನ್ನ ಎದುರು ತಪ್ಪು ಒಪ್ಪಿಕೊಳ್ಳುವವರು ಇಲ್ಲಿ ಯಾರೂ ಉಳಿದಿಲ್ಲ. ಆದರೆ ಈ ಮಷಿನ್ ತುಳಿದೇ ನಿನ್ನ ಎರಡು ಕಣ್ಣಿನ ಆಪರೇಷನ್ ಮಾಡಿಸಿದ್ದೆ. ಇಷ್ಟು ಹೇಳಿ ಹೋಗಿ ಉಣಿಸಿದೆ.

ಸೆಪ್ಟೆಂಬರ್ 24, ಬುಧವಾರ

ಪ್ರಿಯಾಳ ಬಿಳಿ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದೆ. ಹಿಂದಿನಿಂದ ಯಾರೋ ಗದರಿದರು.

“ಏ ಶೈಲಾ!”

ಸೂಜಿ ಬೆರಳಿಗೆ ಚುಚ್ಚಿತು. ಎರಡೂವರೆ ತಿಂಗಳಿಂದ ಆ ಬಾಯಲ್ಲಿ ಆ ಹೆಸರು ನನ್ನನ್ನು ಕರೆದಿರಲಿಲ್ಲ. ತಿರುಗಿ ನೋಡಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅದೇ ಹುಬ್ಬು, ಅದೇ ನೋಟ.

“ಹಣಿ ತೋರ್ಸು. ವಿಭೂತಿ ಎಲ್ಲಿ?”

ಎದ್ದು ನಿಂತು ಹಣೆ ತೋರಿಸಿದೆ.

“ನಿಮ್ಮ ಕೊಟ್ಟೂರಿನ ಮದುವ್ಯಾಗ ನನ್ನ ಬೋರಮಾಳ ಹೋತು. ನೆನಪೈತೇನು?”

“ಹೌದ್ರಿ ಅತ್ತಿ” ಎಂದೆ. “ನಮ್ಮೂರಾಗಾ ಕಳೀತು. ನಮ್ಮದಾ ತಪ್ಪು.”

ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಹೋಗ್ಲಿ ಬಿಡು” ಎಂದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅನ್ನದ ಮಾತು.

ಕಾಲು ಹಿಡಿಯೋಣವೆಂದು ಬಗ್ಗಿದೆ. ಅಷ್ಟರಲ್ಲಿ ಅವರು ಕಿಟಕಿಯ ಕಡೆ ತಿರುಗಿ ಏನನ್ನೋ ನೋಡಿದರು. ಮತ್ತೆ ಈ ಕಡೆ ತಿರುಗಿದಾಗ ಹುಬ್ಬು ಇಳಿದಿತ್ತು. “ಅಕ್ಕಾ, ಹಸಿವು” ಎಂದಳು.

ಜೂನಿನಲ್ಲಿ ಹೊತ್ತ ಹರಕೆಯನ್ನು ವಾಪಸ್ ತೆಗೆದುಕೊಂಡಿದ್ದೇನೆ. ಬೋರಮಾಳವನ್ನು ಅವಳು ಮರೆಯಬಾರದು. ಅವಳ ತಲೆಯಲ್ಲಿ ಶೈಲಾ ಎಂಬವಳು ಉಳಿದಿರುವ ಜಾಗ ಅದೊಂದೇ. ಪುಸ್ತಕ ಮುಚ್ಚುತ್ತೇನೆ, ರೊಟ್ಟಿ ದಪ್ಪಗೆ ತಟ್ಟಬೇಕು.